ಎರಡು ತಾರೀಖು

ಜೈಲು, ಮಹಿಳಾ ವಿಭಾಗ
22-1-2025

ಬಸಂತರಾಯ ಗುರುಗಳಿಗೆ ರಾಜಶ್ರೀಯ ಶರಣು. ಒಳಗಿದ್ದೇನೆ, ಆದರೆ ಗಟ್ಟಿಯಾಗಿದ್ದೇನೆ.

ಫೋನು ಬಾಗಿಲಲ್ಲೇ ಉಳಿಯಿತು. ಹತ್ತನೆಯ ತರಗತಿಯಲ್ಲಿ ನೀವು ಕಿವಿ ಹಿಂಡಿ ತಿದ್ದಿಸಿದ ಅಕ್ಷರ ಇಪ್ಪತ್ತೆರಡು ವರ್ಷದ ಮೇಲೆ ಕೆಲಸಕ್ಕೆ ಬಂತು ನೋಡಿ. ವಕೀಲೆ ಸೌಂದರ್ಯಾ ವಾರಕ್ಕೊಮ್ಮೆ ಬರುತ್ತಾಳೆ. ಪತ್ರ ಅವಳ ಕೈಯಲ್ಲೇ ಕಳಿಸುತ್ತೇನೆ. ನೀವೂ ಲಕೋಟೆ ಅಂಟಿಸಿ ಅವಳಿಗೇ ಕೊಡಿ.

ಜಾಮೀನು ಸಿಕ್ಕಿದೆ. ಆದರೆ ಮುಚ್ಚಳಿಕೆ ಬರೆದುಕೊಡಬೇಕಂತೆ: ಇನ್ನು ಗಾಯರಾಣದಲ್ಲಿ ಕಾಲಿಡುವುದಿಲ್ಲ, ಜನರನ್ನು ಕೂಡಿಸುವುದಿಲ್ಲ ಎಂದು. ಸಹಿ ಮಾಡುವುದಿಲ್ಲ ಎಂದು ಹೇಳಿಬಿಟ್ಟೆ. ನಮ್ಮ ಮಡ್ಡಿಹಾಳದ ಇನ್ನೂರ ಹನ್ನೆರಡು ಎಕರೆ ಗಾಯರಾಣದಲ್ಲಿ ಮುತ್ತಜ್ಜರ ಕಾಲದಿಂದ ಊರಿನ ಕುರಿ ದನ ಮೇಯ್ದಿವೆ. ಅದನ್ನು ಸೋಲಾರ್ ಕಂಪನಿಗೆ ಕೊಡುವ ಮೊದಲು ಊರಿನವರನ್ನು ಒಂದು ಮಾತು ಕೇಳಿ, ಗ್ರಾಮಸಭೆ ಏನು ಹೇಳುತ್ತದೋ ಅದರಂತೆ ನಡೆಯಿರಿ ಎಂದಷ್ಟೇ ನಾವು ಅಂದದ್ದು. ಅಷ್ಟು ಅಂದದ್ದಕ್ಕೆ ಸರಕಾರಿ ಕೆಲಸಕ್ಕೆ ಅಡ್ಡಿ ಮಾಡಿದೆವು ಎಂಬ ಕೇಸು ಬಿತ್ತು.

ನಿದ್ದೆ ಕೆಡಿಸಿರುವುದು ಬೇರೆ ವಿಷಯ. ಕುರಿ ಹೊಡೆದುಕೊಂಡು ಹೋಗಿ ಗಾಯರಾಣದಲ್ಲಿ ಹಟ್ಟಿ ಹಾಕುವುದು, ಅಳತೆಯವರ ಮುಂದೆ ಸುಮ್ಮನೆ ಕೂರುವುದು, ಯಾರ ಮೇಲೂ ಕೈ ಎತ್ತದಿರುವುದು, ಬೈಯದಿರುವುದು ಎಂದು ನಾವು ಮೂರು ಸಲ ದಿನ ಗೊತ್ತು ಮಾಡಿದೆವು. ಮೂರು ಸಲವೂ ನಮಗಿಂತ ಮೊದಲೇ ಪೊಲೀಸ್ ವ್ಯಾನು ಬಂದು ನಿಂತಿತ್ತು. ಮೂರನೆಯ ಸಲ, ಈ ತಿಂಗಳ ಹನ್ನೆರಡಕ್ಕೆ, ನನ್ನ ಹೆಸರು ಕೂಗಿಯೇ ಹಿಡಿದರು. ಮನೆಯವರನ್ನು ಬಿಟ್ಟರೆ ತಾರೀಖು ಮೊದಲೇ ಗೊತ್ತಿದ್ದದ್ದು ಮೂವರಿಗೆ: ನನಗೆ, ನಿಮಗೆ, ಚಾದಂಗಡಿಯ ನಬಿಲಾಲನಿಗೆ. ನೀವು ಏನಂತೀರಿ?

ರಾಜಶ್ರೀ


ಮಡ್ಡಿಹಾಳ
28-1-2025

ರಾಜಶ್ರೀ,

ನಿನ್ನ ಪತ್ರದಲ್ಲಿ ಮೂರು ಕಾಗುಣಿತ ತಪ್ಪಿವೆ. ಜೈಲೆಂದು ಮಾಫಿ ಮಾಡಿದ್ದೇನೆ.

ನೀನು ಇಲ್ಲದೆ ಇಲ್ಲಿ ಏನೂ ನಿಂತಿಲ್ಲ. ಹೆಣ್ಣುಮಕ್ಕಳು ದಿನಾ ಹತ್ತಕ್ಕೆ ರೊಟ್ಟಿ ಕಟ್ಟಿಕೊಂಡು ಗಾಯರಾಣದ ರಸ್ತೆಯ ಬದಿಗೆ ಹೋಗಿ ಕೂರುತ್ತಾರೆ, ಐದಕ್ಕೆ ಏಳುತ್ತಾರೆ. ನಬಿಲಾಲ ಎರಡು ಹೊತ್ತು ಚಾ ತಂದುಕೊಡುತ್ತಾನೆ. ಮೊನ್ನೆ ಒಬ್ಬ ಪೇದೆಗೂ ಒಂದು ಕಪ್ಪು ಕೊಟ್ಟ. "ಅವಂಗೂ ಬಿಸಲ ಹತ್ತತೈತಿ ಅಲ್ರಿ ಸರ" ಅಂದ. ನಿನ್ನ ತಮ್ಮ ಕಾಂತು ಸಿಟ್ಟಾಗಿ ಎರಡು ದಿನ ಅವನ ಚಾ ಕುಡಿಯಲಿಲ್ಲ. ಮೂರನೆಯ ದಿನ ತಲೆನೋವು ಬಂದು ಕುಡಿದ.

ಗ್ರಾಮಸಭೆ ಮಾರ್ಚ್ ಹದಿನೇಳಕ್ಕೆ ಎಂದು ನೋಟೀಸು ಬಂದಿದೆ. ತಾಲೂಕಿನಿಂದ ಅಧಿಕಾರಿ ಬರುತ್ತಾರೆ. ಅಲ್ಲಿಯತನಕ ಊರು ಒಂದಾಗಿದ್ದರೆ ಗಾಯರಾಣ ಉಳಿಯುತ್ತದೆ, ಒಡೆದರೆ ಹೋಗುತ್ತದೆ. ಅದಕ್ಕೇ ಹೇಳುತ್ತೇನೆ, ಯಾರು ಹೇಳಿದರು ಎಂದು ಹುಡುಕಬೇಡ. ಸಂಶಯ ಜೋಳದ ಕಾಡಿಗೆ ರೋಗದ ಹಾಗೆ. ಒಂದು ತೆನೆಗೆ ಹತ್ತಿದರೆ ಹೊಲಕ್ಕೆಲ್ಲ ಹತ್ತುತ್ತದೆ.

ಬಸಂತರಾಯ


ಜೈಲು
5-2-2025

ಗುರುಗಳಿಗೆ,

ಹುಡುಕಬೇಡ ಎಂದು ನೀವು ಬರೆದದ್ದನ್ನು ನಾಲ್ಕು ಸಲ ಓದಿದೆ.

ಸೋಮವಾರ ಅವ್ವ ಬಂದಿದ್ದಳು. ಜಾಲರಿಯ ಆಚೆ ನಿಂತು ಎಲ್ಲರ ಸುದ್ದಿ ಹೇಳಿದಳು. ಕಡೆಗೆ ಹೊರಡುವಾಗ, "ಗುರುಗಳ ಮನಿ ಮುಂದ ಕಂಪನಿಯವರ ಬಿಳಿ ಗಾಡಿ ಎರಡ ಸಲ ನಿಂತಿತ್ತವ್ವಾ, ವಿಜಯಲಕ್ಷ್ಮಿ ಅಮ್ಮಾರು ಚಾ ಮಾಡಿ ಕೊಟ್ರು" ಅಂದಳು. ಅವ್ವನಿಗೆ ಅದರಲ್ಲಿ ಏನೂ ಕಾಣಲಿಲ್ಲ. ನನಗೆ ಕಂಡಿತು. ಪೇದೆಗೆ ಚಾ ಕೊಟ್ಟ ನಬಿಲಾಲನ ಸುದ್ದಿ ಬರೆದ ನೀವು, ಕಂಪನಿಯವರಿಗೆ ಚಾ ಕೊಟ್ಟ ನಿಮ್ಮ ಮನೆಯ ಸುದ್ದಿ ಯಾಕೆ ಬರೆಯಲಿಲ್ಲ?

ಇರಲಿ. ಕೆಲಸದ ಮಾತು. ಫೆಬ್ರುವರಿ ಇಪ್ಪತ್ತಕ್ಕೆ ಬೆಳಿಗ್ಗೆ ಎಂಟಕ್ಕೆ ಮತ್ತೆ ಹಟ್ಟಿ ಹಾಕಬೇಕು. ನಾನಿಲ್ಲದೆಯೂ ಊರು ಎದ್ದು ಬರುತ್ತದೆ ಎಂದು ಅವರಿಗೆ ಕಾಣಬೇಕು. ಈ ತಾರೀಖು ಬೇಕಾದವರನ್ನು ಬಿಟ್ಟು ಯಾರಿಗೂ ಹೇಳಬೇಡಿ.

ರಾಜಶ್ರೀ


ಮಡ್ಡಿಹಾಳ
10-2-2025

ರಾಜಶ್ರೀ,

ಬಿಳಿ ಗಾಡಿ ಬಂದದ್ದು ನಿಜ. ಗಾಯರಾಣಕ್ಕೆ ಹತ್ತಿದ ನನ್ನ ಒಂಬತ್ತು ಎಕರೆಯನ್ನು ಲೀಜಿಗೆ ಕೊಡಿ ಎಂದು ಕೇಳಿದರು. ಕೊಡುವುದಿಲ್ಲ ಎಂದೆ. ಎರಡನೆಯ ಸಲ ಬಂದಾಗಲೂ ಅದನ್ನೇ ಅಂದೆ. ಹೊಸ್ತಿಲು ದಾಟಿ ಬಂದವರಿಗೆ ಚಾ ಕೊಡದೆ ಕಳಿಸುವುದು ನಮ್ಮ ಮನೆಯಲ್ಲಿ ಇಲ್ಲ, ಅದು ನಿನಗೂ ಗೊತ್ತು. ಬರೆಯುವಂಥ ಸುದ್ದಿಯಲ್ಲ ಎಂದು ಬರೆಯಲಿಲ್ಲ. ನಿನ್ನ ಪತ್ರ ಓದಿದ ಮೇಲೆ ಬರೆಯಬೇಕಿತ್ತು ಅನ್ನಿಸಿತು.

ಇಪ್ಪತ್ತರ ಮಾತು ಸರಿ. ಬೇಕಾದವರಿಗಷ್ಟೇ ಹೇಳುತ್ತೇನೆ.

ಚಳಿ ಇದೆ. ವಿಜಯಲಕ್ಷ್ಮಿ ಒಂದು ಕಂಬಳಿ ಕೊಟ್ಟಿದ್ದಾಳೆ. ಒಳಗೆ ಬಿಟ್ಟರೆ ಹೊದ್ದುಕೋ.

ಬಸಂತರಾಯ


ಜೈಲು
27-2-2025

ಬಸಂತರಾಯ ಬಿರಾದಾರ ಅವರಿಗೆ,

ಗುರುಗಳೇ ಎಂದು ಬರೆಯಲು ಕೈ ಏಳಲಿಲ್ಲ.

ಇಪ್ಪತ್ತಕ್ಕೆ ಎಂಟು ಗಂಟೆಗೆ ಹಟ್ಟಿ. ಏಳಕ್ಕೇ ಎರಡು ವ್ಯಾನು. ಕುರಿಗಳನ್ನು ರಸ್ತೆಯಲ್ಲೇ ತಡೆದು ಹಿಂದೆ ಹೊಡೆದರಂತೆ.

ನಿಮಗೆ ಗೊತ್ತಿಲ್ಲದ ಒಂದು ಮಾತು ಈಗ ಹೇಳುತ್ತೇನೆ. ನಾನು ಎರಡು ತಾರೀಖು ಕೊಟ್ಟಿದ್ದೆ. ನಿಮಗೆ ಇಪ್ಪತ್ತು. ಇನ್ನೊಬ್ಬರಿಗೆ ಇಪ್ಪತ್ನಾಲ್ಕು, ಹಳ್ಳದ ದಂಡೆಯಲ್ಲಿ. ನೀವಿಬ್ಬರೂ ಒಬ್ಬರಿಗೊಬ್ಬರು ಹೇಳಬಾರದು ಎಂದು ಸೌಂದರ್ಯಾಳಿಂದ ಬೇರೆ ಬೇರೆ ಚೀಟಿ ಕಳಿಸಿದ್ದೆ. ಅವಳೇ ಸುದ್ದಿ ಹೊರಗೆ ಬಿಟ್ಟಿದ್ದರೆ ಎರಡೂ ದಿನ ಪೊಲೀಸರು ಬರಬೇಕಿತ್ತು. ಇಪ್ಪತ್ನಾಲ್ಕಕ್ಕೆ ಹಳ್ಳದ ಕಡೆ ಒಬ್ಬ ಪೊಲೀಸನೂ ಸುಳಿಯಲಿಲ್ಲ. ಬಂದದ್ದು ನಿಮ್ಮ ತಾರೀಖಿಗೆ ಮಾತ್ರ.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ನಿಮ್ಮ ಒಂಬತ್ತು ಎಕರೆಗೆ ಒಳ್ಳೆಯ ಲೀಜು ಬರಲಿ. ನನಗೆ ಹೊಟ್ಟೆ ಉರಿಯುವುದು ಅದಕ್ಕಲ್ಲ. ಕುರುಬರ ಹುಡುಗಿಯನ್ನು ಮೊದಲ ಬೆಂಚಿನಲ್ಲಿ ಕೂರಿಸಿದ್ದು ನೀವು. ಸಭೆಯಲ್ಲಿ ಎದ್ದು ನಿಂತು ಮಾತಾಡಲು ಕಲಿಸಿದ್ದು ನೀವು. ಆ ಋಣದಿಂದ ಎರಡು ತಿಂಗಳು ನಿಮ್ಮ ಮೇಲೆ ಸಂಶಯ ಬಂದರೂ ನನ್ನನ್ನೇ ಬೈದುಕೊಂಡೆ.

ಗಾಯರಾಣ ಉಳಿಸುವ ನಮ್ಮ ಸಮಿತಿ ಬಿಡಿ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ನಬಿಲಾಲನಿಗೆ ಕಳಿಸಿದ್ದೇನೆ. ಗುಡಿಯ ಕಟ್ಟೆಯ ಮೇಲೆ ಎಲ್ಲರ ಮುಂದೆ ಓದಲು ಹೇಳಿದ್ದೇನೆ.

ರಾಜಶ್ರೀ


ಮಡ್ಡಿಹಾಳ
4-3-2025

ರಾಜಶ್ರೀ,

ಸಮಿತಿ ಬಿಟ್ಟಿದ್ದೇನೆ. ಹೇಳಿದವನು ನಾನಲ್ಲ. ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ಒಂದು ವಿನಂತಿ. ನಿಮ್ಮಪ್ಪ ಮಾಳಿಂಗಪ್ಪ ಕುರಿ ಹೊಡೆದುಕೊಂಡು ದೇವಣಗಾಂವದ ಕಡೆ ಭೀಮಾ ದಂಡೆಗೆ ಹೋಗಿದ್ದಾನೆ. ಸಭೆಗೆ ಬಂದರೆ ಅವನನ್ನು ಮುಂದೆ ಕೂರಿಸಿ ಮಾತಾಡಿಸುವುದು ಬೇಡ ಎಂದು ಕಾಂತುಗೆ ಹೇಳಿಕಳಿಸು. ನನ್ನ ಮಾತು ಈಗ ಅವನು ಕೇಳುವುದಿಲ್ಲ.

ಮುಚ್ಚಳಿಕೆಗೆ ಮಾತ್ರ ಸಹಿ ಮಾಡಬೇಡ.

ಬಸಂತರಾಯ


ಜೈಲು
8-3-2025

ಬಿರಾದಾರ ಅವರಿಗೆ,

ಸಮಿತಿ ಬಿಟ್ಟರೂ ಗೌಡಿಕೆ ಬಿಡಲಿಲ್ಲ ನೀವು. ಕುರಿ ಕಾಯುವವರು ಹಿಂದೆ ಕೂತು ಬಾಯಿ ಮುಚ್ಚಿಕೊಂಡಿರಬೇಕು, ಅಲ್ಲವೇ? ಅರವತ್ತೆಂಟು ವರ್ಷ ಆ ನೆಲದ ಮೇಲೆ ತಿರುಗಾಡಿದವನು ನಮ್ಮಪ್ಪ. ಅವನು ಮಾತಾಡಿದರೆ ನಿಮಗೆ ಏನು ಭಯ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಕಥೆ ನೀವೇ ನಮಗೆ ಹೇಳಿದ್ದಿರಿ.

ಅಪ್ಪನನ್ನು ಮುಂದಿನ ಸಾಲಿನಲ್ಲೇ ಕೂರಿಸು ಎಂದು ಕಾಂತುಗೆ ಹೇಳಿಕಳಿಸಿದ್ದೇನೆ. ಇನ್ನು ನನಗೆ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ. ಕಂಬಳಿಯನ್ನು ಸೌಂದರ್ಯಾಳ ಕೈಯಲ್ಲಿ ವಾಪಸು ಕಳಿಸಿದ್ದೇನೆ.

ರಾಜಶ್ರೀ


ಮಡ್ಡಿಹಾಳ
19-3-2025

ರಾಜಶ್ರೀ,

ಬರೆಯಬೇಡ ಅಂದಿದ್ದೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಮೊನ್ನೆ ಸಭೆಯಲ್ಲಿ ನಡೆದದ್ದನ್ನು ಬೇರೆಯವರ ಬಾಯಲ್ಲಿ ನೀನು ಕೇಳಬಾರದು.

ಗುಡಿಯ ಮುಂದೆ ಜಾಗ ಸಾಲದಷ್ಟು ಜನ ಕೂಡಿದ್ದರು. ನಾನು ಎಲ್ಲರ ಹಿಂದೆ, ಚಪ್ಪಲಿ ಬಿಟ್ಟ ಕಡೆ ಕೂತಿದ್ದೆ. ಅಧಿಕಾರಿ ಬಂದು ಕುರ್ಚಿಯ ಮೇಲೆ ಕೂರುವುದೇ ತಡ, ಕಾಂತು ಎದ್ದ. "ಪೊಲೀಸರಿಗೆ ಖಬರ ಕೊಟ್ಟಾಂವ ಇಲ್ಲೇ ಕುಂತಾನ. ಮೊದಲ ಅವನ್ನ ಹೊರಗ ಕಳಸ್ರಿ, ಆಮ್ಯಾಲ ಸಭಾ!" ಅಂದ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಏಳಬೇಕೆಂದಿದ್ದೆ.

ಮಾಳಿಂಗಪ್ಪ ಅದೇ ಬೆಳಿಗ್ಗೆ ದೇವಣಗಾಂವದಿಂದ ಬಂದವನು. ಊರಲ್ಲಿ ನಡೆದದ್ದು ಅವನಿಗೆ ಗೊತ್ತೇ ಇರಲಿಲ್ಲ. "ಯಾವ ಖಬರಪಾ?" ಎಂದು ಕೇಳಿದ. ಕಾಂತು ಎಲ್ಲ ಹೇಳಿದ. ಮಾಳಿಂಗಪ್ಪ ಕೋಲು ಊರಿ ಎದ್ದು ನಿಂತ.

"ತಲಾಟಿಗೆ ಹೇಳಿದಾಂವ ನಾನ ಲೇ. ನಾಕೂ ಸಲ ನಾನ ಹೋಗಿ ಹೇಳೀನಿ."

ಆ ಗ್ರಾಮಲೆಕ್ಕಿಗನೇ ಪೊಲೀಸರಿಗೆ ಮುಟ್ಟಿಸಿದ್ದು ಎಂದು ಸಭೆಗೆ ಆಗ ತಿಳಿಯಿತು. ಮಾಳಿಂಗಪ್ಪ ನಿಧಾನವಾಗಿ ಹೇಳಿದ: "ಕುರಿ ಕಾಯಾಂವ ಹೇಳಲಾರದ ಎಲ್ಲೂ ಹಟ್ಟಿ ಹಾಕೂದಿಲ್ಲ. ಇಂಥಾ ದಿನ ಬರ್ತೇವಿ, ಇಷ್ಟು ಕುರಿ ಅದಾವು, ಇಷ್ಟು ದಿನ ಇರ್ತಾವು ಅಂತ ಮೊದಲ ಹೋಗಿ ಹೇಳಬೇಕು. ಗಾಯರಾಣದ ಉತಾರದ ಕಾಗದ ತಲಾಟಿ ಹಂತ್ಯಾಕ ಐತಿ, ಅದಕ್ಕ ತಲಾಟಿಗೆ ಹೇಳಿದೆ. ಹೇಳದ ಹೋದ್ರ ಕಳ್ಳ ಮೇವು. ನಮ್ಮಪ್ಪ ಕಳ್ಳ ಮೇವು ಮೇಸಿಲ್ಲ, ನಾನೂ ಮೇಸಿಲ್ಲ."

ಅಧಿಕಾರಿ ಮುಗುಳ್ನಕ್ಕರು. "ಹಂಗಾದ್ರ ಅಜ್ಜಾರ, ಜಮೀನು ಸರಕಾರದ್ದು ಅಂತ ನೀವ ಒಪ್ಪಿಕೊಂಡಂಗ ಆತಲ್ರಿ? ಮಾಲಕರಿಗೇ ಅಲ್ಲೇನು ಹೇಳೂದು?" ಅಂದರು. ನಾನು ಹೆದರಿದ್ದು ಇದೇ ಪ್ರಶ್ನೆಗೆ.

ಮಾಳಿಂಗಪ್ಪ ಅವರ ಕಡೆ ತಿರುಗಿದ. "ನಾ ಪರವಾನಗಿ ಕೇಳಿಲ್ರಿ ಸಾಹೇಬ್ರ, ಬರ್ತೇವಿ ಅಂತ ಹೇಳೀನಿ. ಮನ್ಯಾಗ ಮದಿವಿ ಇದ್ರ ಊರಿಗೆಲ್ಲ ಹೇಳ್ತೇವಿ. ಹೇಳಿಸಿಕೊಂಡವ್ರೆಲ್ಲ ಹೆಣ್ಣಿನ ಅಪ್ಪ ಆಗ್ತಾರೇನ್ರಿ?"

ಜನ ನಕ್ಕದ್ದು ಬಸ್ ಸ್ಟ್ಯಾಂಡಿನವರೆಗೆ ಕೇಳಿಸಿರಬೇಕು. ನಗು ನಿಂತ ಮೇಲೆ ಕಾಂತು ಸಣ್ಣ ದನಿಯಲ್ಲಿ, "ಅಪ್ಪಾ, ನೀ ಹೇಳಿದ್ದಕ್ಕ ಅಕ್ಕ ಜೈಲಿಗೆ ಹೋದಳಲ್ಲೋ" ಅಂದ. ಆಗ ಮಾತ್ರ ಮಾಳಿಂಗಪ್ಪ ಕೂತುಬಿಟ್ಟ. ಕೂತಲ್ಲಿಂದಲೇ, "ಹಿಡದದ್ದು ಅವರ ಪಾಪ. ಕದ್ದು ಹೋಗಿದ್ರ ಅದು ನಂದಾಗತಿತ್ತು" ಅಂದ. ರುಮಾಲಿನ ತುದಿಯಿಂದ ಕಣ್ಣು ಒರೆಸಿಕೊಂಡ. ನಿನ್ನ ಅವ್ವ ಶಂಕ್ರೆವ್ವ ಹೆಂಗಸರ ಸಾಲಿನಿಂದ ಎದ್ದು ಬಂದು ಅವನ ಪಕ್ಕದಲ್ಲಿ ಕೂತಳು.

ಗಾಯರಾಣ ಕೊಡುವುದಿಲ್ಲ, ಊರಿನ ನೆಲದ ತೀರ್ಮಾನ ಊರಿನದೇ ಎಂಬ ಠರಾವಿಗೆ ನಾನೂರ ಹನ್ನೆರಡು ಕೈ ಎದ್ದವು. ಒಂಬತ್ತು ಏಳಲಿಲ್ಲ. ಅಧಿಕಾರಿ ಬರೆದುಕೊಂಡು ಹೋದರು. ಮೇಲಿನವರು ಏನು ಮಾಡುತ್ತಾರೋ ಗೊತ್ತಿಲ್ಲ, ಆದರೆ ಮಡ್ಡಿಹಾಳ ತನ್ನ ಮಾತು ಹೇಳಿದೆ.

ಇನ್ನು ನನ್ನ ತಪ್ಪು. ಇಪ್ಪತ್ತರ ತಾರೀಖನ್ನು ನಾನು ಹೇಳಿದ್ದು ಮಾಳಿಂಗಪ್ಪನೊಬ್ಬನಿಗೆ. ಹಟ್ಟಿ ಹಾಕುವವನಿಗೆ ಹೇಳದೆ ಹಟ್ಟಿಯ ತಾರೀಖು ಇಡಲು ಬರುತ್ತದೆಯೇ? ಇಪ್ಪತ್ತೊಂದಕ್ಕೆ ನನ್ನ ಹೊಲದ ಉತಾರ ತರಲು ತಲಾಟಿಯ ಹತ್ತಿರ ಹೋದೆ. ಅವನೇ ನಗುತ್ತ, "ನಿಮ್ಮ ಮಾಳಿಂಗಪ್ಪ ಭಾಳ ಸಜ್ಜನ ನೋಡ್ರಿ, ಬರೂ ಮೊದಲ ಹೇಳೇ ಬರ್ತಾನ" ಅಂದ. ಅಷ್ಟರಲ್ಲಿ ಮಾಳಿಂಗಪ್ಪ ಊರು ಬಿಟ್ಟಿದ್ದ. ಬರೆದರೆ ಊರಿನವರು ಅವನಿಗೆ ಚಾಡಿಕೋರ ಎಂದು ಹೆಸರಿಟ್ಟಾರು ಎಂದು ಸುಮ್ಮನಾದೆ. ಅದಕ್ಕಿಂತ ಹೆಚ್ಚಾಗಿ ನಿನ್ನ ಬಗ್ಗೆ ಹೆದರಿದೆ. ಅಪ್ಪನ ಮಾತಿನಿಂದಲೇ ಒಳಗೆ ಬಂದೆ ಎಂದು ಗೊತ್ತಾದರೆ ಮನಸ್ಸು ಮುರಿದು ಆ ಕಾಗದಕ್ಕೆ ಸಹಿ ಮಾಡಿಬಿಡುತ್ತೀ ಎಂದುಕೊಂಡೆ. ಮೂವತ್ತೆಂಟು ವರ್ಷದ ನಿನ್ನನ್ನು ಇನ್ನೂ ಹತ್ತನೆಯ ತರಗತಿಯ ಹುಡುಗಿ ಎಂದು ತಿಳಿದೆ. ಅಷ್ಟು ನಂಬಿಕೆ ಇಡದವನು ನಾನು. ನಿನ್ನನ್ನು ದೂರುವ ಹಕ್ಕು ನನಗೂ ಪೂರ್ತಿ ಇಲ್ಲ.

ಬಸಂತರಾಯ


ಜೈಲು
26-3-2025

ಗುರುಗಳೇ,

ಮಾಫಿ ಎಂಬ ಮಾತು ಬರೆದು ಹೊಡೆದುಹಾಕಿದೆ, ಮತ್ತೆ ಬರೆದೆ. ಮಾಫಿ ಮಾಡಿ.

ಅವ್ವ ಬಂದು ಎಲ್ಲ ಹೇಳಿದಳು. ನನ್ನ ಹಾಳೆ ಓದಿದ ದಿನದಿಂದ ನಿಮ್ಮ ಹೊಲದಲ್ಲಿ ಯಾರೂ ಗೊಬ್ಬರಕ್ಕೆ ಕುರಿ ತರುಬಲಿಲ್ಲವಂತೆ. ಗಿರಣಿಯಲ್ಲಿ ವಿಜಯಲಕ್ಷ್ಮಿ ಅಮ್ಮನವರು ಜೋಳದ ಪುಟ್ಟಿ ಇಟ್ಟರೆ ಹೆಂಗಸರು ತಮ್ಮ ಪುಟ್ಟಿ ಸರಿಸಿಕೊಂಡರಂತೆ. ಇಪ್ಪತ್ತು ದಿನ ಇದನ್ನು ನುಂಗಿಕೊಂಡು ನನಗೆ ಒಂದು ಸಾಲು ಬರೆಯಲಿಲ್ಲ ನೀವು. ಕೇಳಿ ನನಗೆ ನಾಚಿಕೆಯಾಯಿತು. ಸಿಟ್ಟೂ ಬಂತು, ನಿಮ್ಮ ಮೇಲೂ, ನನ್ನ ಮೇಲೂ.

ಅಪ್ಪನ ಮೇಲೆ ಮಾತ್ರ ಬರಲಿಲ್ಲ. ಅವನು ಹೇಳಿದ್ದು ಸರಿ. ನಾವು ಕೈ ಎತ್ತುವುದಿಲ್ಲ, ಸುಳ್ಳು ಹೇಳುವುದಿಲ್ಲ ಎಂದು ಶುರು ಮಾಡಿದವರು. ನಮ್ಮದೇ ನೆಲಕ್ಕೆ ಹೋಗಲು ಚೀಟಿ, ಗುಟ್ಟು, ಅಂಟಿಸಿದ ಲಕೋಟೆ ಯಾಕೆ ಬೇಕಾಯಿತು? ಏಪ್ರಿಲ್ ಹದಿನಾಲ್ಕಕ್ಕೆ ಮುನ್ನೂರ ನಲವತ್ತು ಕುರಿ, ಅರವತ್ತು ಮಂದಿ ಹಟ್ಟಿ ಹಾಕುತ್ತೇವೆ ಎಂದು ತಹಶೀಲ್ದಾರರಿಗೆ ನಾನೇ ಅರ್ಜಿ ಬರೆದಿದ್ದೇನೆ. ಇದರ ಜೊತೆ ಇಟ್ಟಿದ್ದೇನೆ. ಅಪ್ಪನ ಕೈಯಲ್ಲೇ ಕೊಡಿಸಿ. ಮುಚ್ಚಳಿಕೆಗೆ ಸಹಿ ಮಾಡುವುದಿಲ್ಲ.

ಇನ್ನೊಂದು ಮಾತು ಬರೆಯದೆ ಮುಗಿಸಬಹುದಿತ್ತು. ಬರೆಯುತ್ತೇನೆ. ನನ್ನ ಸಂಶಯ ಊರೆಲ್ಲ ತಿರುಗಾಡಿ ನಿಂತದ್ದು ಎರಡು ಮನೆಯ ಮುಂದೆ. ಒಂದು ಬಿರಾದಾರರದು, ಒಂದು ಮುಸಲ್ಮಾನರದು. ಮನೆಯವರನ್ನು ಬಿಟ್ಟರೆ ಎಂದು ಮೊದಲ ಪತ್ರದಲ್ಲೇ ಬರೆದವಳು ನಾನು. ಎಲ್ಲರೂ ಒಂದು ಎಂದು ಮೈಕಿನಲ್ಲಿ ಹೇಳುವಾಗ ನನ್ನೊಳಗೆ ಯಾರು ನಮ್ಮವರು, ಯಾರು ಹೊರಗಿನವರು ಎಂಬ ಗೆರೆ ಇತ್ತು. ಅದು ಇಲ್ಲ ಎಂದು ನಾನೇ ನಂಬಿದ್ದೆ.

ನಾಳೆ ಕಟ್ಟೆಯ ಮೇಲೆ ಓದಲು ನಿಮ್ಮ ಬಗ್ಗೆ ಬೇರೆ ಹಾಳೆ ಬರೆದು ಕಳಿಸಿದ್ದೇನೆ. ಆದರೆ ಇಪ್ಪತ್ನಾಲ್ಕರ ತಾರೀಖಿನ ಮಾತು ನಬಿಲಾಲನಿಗೆ ಹೇಳಬೇಡಿ. ಹಾಳೆಯಲ್ಲಿ ಇನ್ನೊಬ್ಬರು ಎಂದಷ್ಟೇ ಬರೆದಿದ್ದೆ, ಹೆಸರಿರಲಿಲ್ಲ. ತನ್ನ ಮೇಲೂ ಸಂಶಯ ಇತ್ತು ಎಂದು ಅವನಿಗೆ ಹೊಳೆದಿರಲಿಕ್ಕಿಲ್ಲ ಎಂದುಕೊಂಡಿದ್ದೇನೆ. ಸುಮ್ಮನೆ ಯಾಕೆ ನೋಯಿಸುವುದು?

ನೀವು ಸಮಿತಿಗೆ ಮರಳಿ ಬರುತ್ತೀರಾ?

ನಿಮ್ಮ ರಾಜಶ್ರೀ


ಮಡ್ಡಿಹಾಳ
2-4-2025

ರಾಜಶ್ರೀ,

ಯುಗಾದಿಯ ಬೇವು ಈ ಸಲ ನಮಗೆ ಸ್ವಲ್ಪ ಮೊದಲೇ ಬಂದಿತ್ತು.

ನಿನ್ನ ಹಾಳೆ ಓದಿದರು. ಕಾಂತು ಮನೆಗೆ ಬಂದು ಕಾಲು ಮುಟ್ಟಿದ. ವಿಜಯಲಕ್ಷ್ಮಿ ಅವನಿಗೆ ಹೋಳಿಗೆ ಹಾಕಿದಳು, ಮಾತಾಡಲಿಲ್ಲ. ನನಗೂ ನೋವಾಗಿದೆ. ಹೋಗಿದೆ ಎಂದರೆ ಸುಳ್ಳಾಗುತ್ತದೆ. ಸಮಿತಿಗೆ ಈಗಲೇ ಬರುವುದಿಲ್ಲ. ಹದಿನಾಲ್ಕಕ್ಕೆ ಮಾತ್ರ ಬಂದು ಎಲ್ಲರ ನಡುವೆ ಕೂರುತ್ತೇನೆ. ನಿಮ್ಮಪ್ಪ ನಿನ್ನ ಅರ್ಜಿಯನ್ನು ತಹಶೀಲ್ದಾರ ಕಚೇರಿಗೆ ಒಯ್ದು ಕೊಟ್ಟು, ಠಸ್ಸೆ ಹಾಕಿಸಿಕೊಂಡು ಬಂದ.

ಈಗ ನಬಿಲಾಲನ ಮಾತು. ಹೇಳಬೇಡಿ ಅಂದೆಯಲ್ಲ, ಹೇಳುವಂಥದ್ದು ಏನೂ ಉಳಿದಿರಲಿಲ್ಲ.

ಫೆಬ್ರುವರಿ ಇಪ್ಪತ್ನಾಲ್ಕಕ್ಕೆ ಅವನು ಅಂಗಡಿ ಮುಚ್ಚಿ, ಐವತ್ತು ಮಂದಿಗಾಗುವಷ್ಟು ಚಾ ಮಾಡಿಕೊಂಡು, ಸೈಕಲ್ ಮೇಲೆ ಹಳ್ಳದ ದಂಡೆಗೆ ಹೋಗಿದ್ದ. ಯಾರಿಗೂ ಹೇಳಬೇಡ ಅಂದಿದ್ದೆ ನೀನು. ಹೆಂಡತಿ ಅಬಿದಾಳಿಗೂ ಅವನು ಹೇಳಿರಲಿಲ್ಲ. ಬೆಳಿಗ್ಗೆ ಏಳರಿಂದ ಮಧ್ಯಾಹ್ನದವರೆಗೆ ಒಬ್ಬನೇ ಕೂತ. ಯಾರೂ ಬರಲಿಲ್ಲ. ಚಾ ಹಳ್ಳಕ್ಕೆ ಚೆಲ್ಲಿ ಬಂದ. ಜೈಲಿನಲ್ಲಿ ನಿನಗೆ ತಾರೀಖು ಮರೆತಿರಬೇಕು, ಪಾಪ ಎಂದುಕೊಂಡನಂತೆ.

ನಾಲ್ಕು ದಿನದ ಮೇಲೆ ನಿನ್ನ ಹಾಳೆ ಬಂತು. ಕಟ್ಟೆಯ ಮೇಲೆ ನಿಂತು ಓದಿದವನು ಅವನೇ ಅಲ್ಲವೇ? ಇನ್ನೊಬ್ಬರಿಗೆ ಇಪ್ಪತ್ನಾಲ್ಕು, ಹಳ್ಳದ ದಂಡೆಯಲ್ಲಿ ಎಂಬ ಸಾಲಿಗೆ ಬಂದು ನಿಂತ. ನಾನು ಎದುರಿಗೇ ಇದ್ದೆ. ಅವನ ಮುಖ ನೋಡಿದೆ. ಆ ಸಾಲನ್ನು ಬಿಟ್ಟು ಓದಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವನು ಬಿಡಲಿಲ್ಲ. ಒಂದು ಅಕ್ಷರ ತಪ್ಪದೆ ಕೊನೆಯವರೆಗೆ ಓದಿ, ಹಾಳೆ ಮಡಚಿ ಜೇಬಿಗೆ ಹಾಕಿಕೊಂಡು ಅಂಗಡಿಗೆ ಹೋದ. ಮರುದಿನ ಹತ್ತಕ್ಕೆ ಹೆಣ್ಣುಮಕ್ಕಳಿಗೆ ಚಾ ತಂದ.

ನಿನ್ನೆ ಅಂಗಡಿಯಲ್ಲಿ ಕೂತಾಗ ನಾನೇ ಬಾಯಿ ಬಿಟ್ಟು ಕೇಳಿದೆ. ಲೋಟ ತೊಳೆಯುತ್ತ, ನನ್ನ ಕಡೆ ನೋಡದೆ ಹೇಳಿದ:

"ಅಕ್ಕಾರಿಗೆ ನನ್ನ ಮ್ಯಾಲೂ ಸಂಶೆ ಇತ್ತಂತ ಅವತ್ತ ತಿಳೀತ್ರಿ ಸರ. ಎರಡು ದಿನ ರೊಟ್ಟಿ ಸೇರಲಿಲ್ಲ. ಇರಲಿ ಬಿಡ್ರಿ. ಹದಿನಾಕು ಅಂತ ಹೇಳಾಕತ್ತಾರ ಊರಾಗ. ಅಕ್ಕಾರಿಗೆ ಪತ್ರ ಬರಿಯೂ ಮುಂದ ಒಂದ ಮಾತ ಕೇಳ್ರಿ, ಇದು ನನಗೂ ಖರೇ ತಾರೀಖೇನು ಅಂತ."

ಅವನಿಗೆ ನೀನೇ ಬರೆ.

ಬಸಂತರಾಯ